ಯಾರೂ ಕೇಳದ ಗಿಟಾರಿಗೆ ಬಣ್ಣ ಹಚ್ಚಿದ್ದು

ನಮ್ಮಣ್ಣ ಮೂವತ್ತು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾನೆ. ಬಹಳ ಚೆನ್ನಾಗಿ ನುಡಿಸುತ್ತಾನೆಂದು ಅವನೇ ಹೇಳುತ್ತಾನೆ. ಬೇರೆ ಯಾರಾದರೂ ಹೇಳಬೇಕೆಂದರೆ ಯಾರಾದರೂ ಕೇಳಿರಬೇಕಲ್ಲ! ಮೊನ್ನೆ ಮೊನ್ನೆಯವರೆಗೂ ಕಟ್ಟಿಕೊಂಡ ಹೆಂಡತಿ ಕೇಳಿರಲಿಲ್ಲ, ಹೆತ್ತ ತಾಯಿ ಕೇಳಿರಲಿಲ್ಲ, ಒಡಹುಟ್ಟಿದ ತಂಗಿಯಾದ ನಾನೂ ಕೇಳಿರಲಿಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಅಣ್ಣ ಹರೆಯದಲ್ಲಿ ಒಮ್ಮೆ ಹಂಪಿಗೆ ಹೋದವನು, ಕೈ ಖಾಲಿಯಾಗಿ ಕುಳಿತಿದ್ದ ವಿದೇಶಿಯೊಬ್ಬನಿಂದ ಗಿಟಾರನ್ನೂ ಅದರ ಸ್ಪೀಕರ್ ಪೆಟ್ಟಿಗೆಯನ್ನೂ ಕೊಂಡು ತಂದ. ಅರ್ಧ ರೊಕ್ಕ, ಉಳಿದರ್ಧಕ್ಕೆ ಎರಡು ಚೀಲ ಸೋನಾ ಮಸೂರಿ. ಆ ಪುಣ್ಯಾತ್ಮ ಚೀಲಗಳನ್ನು ವಿಮಾನದೊಳಗೆ ಹೇಗೆ ಹತ್ತಿಸಿದನೋ ದೇವರೇ ಬಲ್ಲ. ಮೊದಲ ದಿನ ಮನೆಯಲ್ಲಿ ತಂತಿ ಮೀಟಿದಾಗ ಹಿತ್ತಿಲ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಅಪ್ಪ ಬೈಯಲಿಲ್ಲ.

"ಗಿರಣ್ಯಾಗ ಕುಂತು ನುಡಸಪ. ಎಷ್ಟು ಜೋರು ಬೇಕೋ ಅಷ್ಟು ಜೋರು ನುಡಸು" ಎಂದ.

ಗಿರಣಿ ಓಡುವಾಗ ಅಲ್ಲಿ ಸಿಡಿಲು ಬಡಿದರೂ ಕೇಳಿಸುವುದಿಲ್ಲ! ಅಪ್ಪನ ಜಾಣತನವನ್ನು ಅಣ್ಣ ಪ್ರೋತ್ಸಾಹವೆಂದು ತಿಳಿದ. ಅಂದಿನಿಂದ ಮೋಟಾರು ಶುರುವಾದರೆ ಗಿಟಾರೂ ಶುರು, ಮೋಟಾರು ನಿಂತರೆ ಗಿಟಾರೂ ಬಂದ್. ಗಿರಣಿಯ ಗೋಡೆಗೆ ಹತ್ತಿಕೊಂಡೇ ನಮ್ಮ ಮನೆ. ಹಾಗಾಗಿ ನಮ್ಮವರೆಲ್ಲ ಗುಟ್ಟನ್ನೂ ಕೂಗಿಯೇ ಹೇಳುವವರು. ಅವ್ವನಿಗಂತೂ ಕೂಗಿದ್ದನ್ನು ಇನ್ನೊಮ್ಮೆ ಕೂಗಬೇಕು.

ಅಪ್ಪನ ಕಾಲದ ನಂತರ ಸುತ್ತ ದೊಡ್ಡ ದೊಡ್ಡ ಮಿಲ್ಲುಗಳು ಎದ್ದು, ನಮ್ಮ ಹಳೆಯ ಯಂತ್ರಕ್ಕೆ ಭತ್ತ ತರುವವರು ಕಡಿಮೆಯಾಗಿ, ಹೋದ ವರ್ಷ ಗಿರಣಿ ನಿಂತೇಹೋಯಿತು. ಅವ್ವ ಅಣ್ಣನನ್ನು ಕರೆದಳು.

"ಈಗರ ನುಡಸೋ ಯಪ್ಪಾ. ನಾ ಕಣ್ಣು ಮುಚ್ಚೋದ್ರಾಗ ಒಮ್ಮಿ ಕೇಳತೀನಿ."

ಅಣ್ಣನ ಮುಖ ಹುಳ್ಳಗಾಯಿತು. ಗಿಟಾರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಣ್ಣೆಲ್ಲಾ ಕಿತ್ತು ಹೋಗೈತಬೇ. ಮಂದಿ ಮುಂದ ಯಾರರ ಹರಕಂಗಿ ಹಾಕ್ಕೊಂಡು ಹೋಗ್ತಾರನು? ಮೊದಲು ಬಣ್ಣ ಆಗ್ಲಿ" ಎಂದ.

ಮಂದಿ ಎಂದರೆ ಯಾರು? ಅವ್ವ, ಅತ್ತಿಗೆ, ನಾನು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೂ ಆಗಲಿ ಎಂದುಕೊಂಡೆ. ಬಣ್ಣ ಹಚ್ಚುವುದಕ್ಕೆ ಎಷ್ಟು ದಿನ ಬೇಕು, ಎರಡೇ? ಮೂರೇ? ಒಂಬತ್ತು ತಿಂಗಳು ಹಿಡಿಯಿತು!

ಅಣ್ಣನಿಗೆ ಬೇಕಾಗಿದ್ದು ಅಂಥಿಂಥ ಬಣ್ಣವಲ್ಲ. ನಡುವೆ ಮಾಗಿದ ಭತ್ತದ ಹಳದಿ, ಅಂಚಿಗೆ ಹೋಗುತ್ತಾ ಬೆಲ್ಲದ ಕಂದು, ಮೇಲೆ ಮುಖ ಕಾಣುವಂತೆ ಹೊಳೆಯುವ ಲ್ಯಾಕರ್ ಮೆರುಗು. ಹೊಸಪೇಟೆಯ ಬಣ್ಣದ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋಗಿ, ಗಲ್ಲೆಯ ಮೇಲೆ ಒಂದು ಹಿಡಿ ಭತ್ತ ಸುರಿದ. ಅಂಗಡಿಯವರು ತಾಳ್ಮೆಯಿಂದ ಬಣ್ಣಗಳ ಪಟ್ಟಿ ತೆಗೆದು ಒಂದು ಹಳದಿ ತೋರಿಸಿದರು.

"ಇದು ಹಸಿ ಭತ್ತದ್ದಾತ್ರೀ. ಇದಕ್ಕ ಇನ್ನ ಎರಡು ಬಿಸಿಲು ಬೇಕು" ಎಂದ ಅಣ್ಣ.

"ಸಾಹುಕಾರ್ರ, ಡಬ್ಬಿನ ಬಿಸಿಲಿಗಿಟ್ರ ಬಣ್ಣ ಮಾಗಂಗಿಲ್ರೀ, ಡಬ್ಬಿ ಸಿಡಿತೈತ್ರೀ!"

ಹೇಗೋ ಬಣ್ಣ ಬಂತು. ಗಿಟಾರಿನ ತಂತಿ, ತಿರುಪು, ವೈರುಗಳೆಲ್ಲ ಅತ್ತಿಗೆಯ ಮಸಾಲೆ ಡಬ್ಬಿ ಸೇರಿದವು. ಹಳೆಯ ಬಣ್ಣವನ್ನೆಲ್ಲ ಉಜ್ಜಿ ಉಜ್ಜಿ ಕಿತ್ತು, ಬರಿಯ ಮರವನ್ನು ಮುಚ್ಚಿದ ಗಿರಣಿಯೊಳಗೆ ಕೊಕ್ಕೆಗೆ ನೇತುಹಾಕಿ, ಪಂಚರ್ ಅಂಗಡಿಯಿಂದ ತಂದ ಕಂಪ್ರೆಸರ್ ಹಚ್ಚಿ ಅಣ್ಣ ಬಣ್ಣ ಸಿಂಪಡಿಸಿದ. ಗಿರಣಿ ನಿಂತಿತ್ತು ನಿಜ, ಆದರೆ ತೊಲೆಗಳ ಮೇಲೆ ಅಷ್ಟು ವರ್ಷಗಳ ತೌಡು ಕುಳಿತಿತ್ತಲ್ಲ! ಕಂಪ್ರೆಸರಿನ ಗಾಳಿಗೆ ಅದೆಲ್ಲ ಎದ್ದು ಬಂದು ಹಸಿ ಬಣ್ಣಕ್ಕೆ ಅಂಟಿತು. ಗಿಟಾರು ಥೇಟ್ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ! ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಹಂಚು ಕಾಯಾಕ ಇಡ್ಲೇನ್ರೀ?" ಎಂದಳು.

ಅಣ್ಣ ಎಲ್ಲವನ್ನೂ ಉಜ್ಜಿ ತೆಗೆದ. ಗುಡ್ಡದ ಮೇಲೆ ಗಾಳಿ ಚೊಕ್ಕವಾಗಿರುತ್ತದೆಂದು ಗಿಟಾರನ್ನು ಸೀರೆಯಲ್ಲಿ ಸುತ್ತಿಕೊಂಡು ದೋಣಿಮಲೈಗೆ ಹೊರಟ. ಅಲ್ಲಿ ಗಣಿಯ ಕ್ವಾರ್ಟರ್ಸಿನಲ್ಲಿ ನಮ್ಮ ಚಿಕ್ಕಪ್ಪನ ಮಗ ಇದ್ದಾನೆ. ಬೆಳಿಗ್ಗೆ ಹಚ್ಚಿದ ಹಳದಿ ಸಂಜೆಗೆ ಇಟ್ಟಂಗಿಯಂತೆ ಕೆಂಪಗಾಯಿತು. ಕಬ್ಬಿಣದ ಅದಿರಿನ ಗಣಿಯ ಊರಲ್ಲಿ ಕೆಂಪು ಧೂಳು ಇರದೆ ಮಲ್ಲಿಗೆ ಇರುತ್ತದೆಯೇ?

"ಅಣ್ಣಾ, ಡಬ್ಬಿ ಯಾಕ ತಂದಿ? ಸುಮ್ನ ಅಂಗಳದಾಗ ತೂಗಹಾಕಿದ್ರ ಸಾಕಿತ್ತು. ಇಲ್ಲಿ ಬಣ್ಣ ಪುಕ್ಕಟೆ!" ಎಂದನಂತೆ ಆ ತಮ್ಮ.

ಮುಂದಿನ ಸರದಿ ನನ್ನದು. ನೀರು ಬಿದ್ದ ನೆಲದಲ್ಲಿ ಧೂಳು ಏಳುವುದಿಲ್ಲವೆಂದು ಯಾರೋ ಹೇಳಿದ್ದೇ ತಡ, ನನ್ನನ್ನು ಮದುವೆ ಮಾಡಿಕೊಟ್ಟ ಹೊಸಪೇಟೆಯ ಮನೆಯ ಬಚ್ಚಲನ್ನು ಅಣ್ಣ ಆಕ್ರಮಿಸಿಕೊಂಡ. ಗಿಟಾರು ಬಚ್ಚಲಲ್ಲಿ, ನಾವು ಹೊರಗೆ. ಸಾರಿಗೂ ಥಿನ್ನರ್ ವಾಸನೆ, ಚಹಾಕ್ಕೂ ಥಿನ್ನರ್ ವಾಸನೆ. ನಮ್ಮ ಮನೆಯವರು ಟವೆಲ್ ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಸ್ನಾನಕ್ಕೆ ಹೋಗತೊಡಗಿದರು. ನಾಲ್ಕನೆಯ ದಿನ ಪಕ್ಕದ ಮನೆಯವರು, ತಮ್ಮ ಬಚ್ಚಲಿಗೂ ಬಣ್ಣ ಹಚ್ಚಿಸುವುದಿದೆ ಎಂದುಬಿಟ್ಟರು! ಇಷ್ಟಾಗಿಯೂ ಫಲವೇನು? ಬಚ್ಚಲ ತೇವಕ್ಕೆ ಲ್ಯಾಕರ್ ಹಾಲಿನಂತೆ ಬೆಳ್ಳಗಾಯಿತು.

ಆ ದಿನ ಅಣ್ಣ ನಮ್ಮ ಹಿಂಬಾಗಿಲಲ್ಲಿ ಕುಳಿತು ಒಂದು ಕಟ್ಟಿಗೆಯ ತುಂಡನ್ನು ಕಚ್ಚುತ್ತಿದ್ದ. ಗಿರಣಿಯವರು ಭತ್ತ ಒಣಗಿದೆಯೋ ಇಲ್ಲವೋ ನೋಡಲು ಕಾಳನ್ನು ಹಲ್ಲಿಗೆ ಕೊಡುತ್ತಾರೆ. ಕಟ್ ಎಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ. ಅಣ್ಣ ಲ್ಯಾಕರಿಗೂ ಅದೇ ಪರೀಕ್ಷೆ ಇಟ್ಟಿದ್ದ! ಗಿಟಾರಿನ ಜೊತೆಗೇ ಒಂದು ತುಂಡಿಗೂ ಬಣ್ಣ ಹಚ್ಚಿ, ದಿನಕ್ಕೆ ಮೂರು ಹೊತ್ತು ಕಚ್ಚುವುದು. ಗಿಟಾರಿಗೇ ಹಲ್ಲು ಹಚ್ಚಲಿಲ್ಲವಲ್ಲ, ನಮ್ಮ ಪುಣ್ಯ.

"ಇನ್ನಾ ಕಟ್ ಅನ್ನವಲ್ದಲೇ" ಎಂದ.

ನನಗೆ ಸಿಟ್ಟು ಬಂತು. "ಅಣ್ಣ, ಇದು ಬಣ್ಣದ ಚಿಂತಿ ಅಲ್ಲ. ನಿನಗ ಅಂಜಿಕಿ ಐತಿ."

ಅಣ್ಣ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ಕುಳಿತ. "ಮೂವತ್ತು ವರ್ಷ ನುಡಿಸೀನಲೇ. ಯಾರೂ ಕೇಳದಾಗ ನಾ ಭಾಳ ಚಲೋ ನುಡಸ್ತೀನಿ. ಕೇಳಿದ ಮ್ಯಾಲೆ ಚಲೋ ಇಲ್ಲಂದ್ರ?"

ನಾನು ಆ ತುಂಡನ್ನು ಇಸಿದುಕೊಂಡು ಬಿಸಿಲಿಗೆ ಇಟ್ಟು ಬಂದೆ.

ಕೊನೆಗೆ ದಾರಿ ತೋರಿದ್ದು ಅತ್ತಿಗೆ. ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಸೊಳ್ಳೆ ಪರದೆಯನ್ನು ಅಟ್ಟದಿಂದಿಳಿಸಿ ಮಾಳಿಗೆಯ ಕೋಣೆಯಲ್ಲಿ ಕಟ್ಟಿದಳು. ಒಣ ಹವೆಯ ಚಳಿಗಾಲದ ಬೆಳಿಗ್ಗೆ ಅಣ್ಣ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಆ ಪರದೆಯೊಳಗೆ ಗಿಟಾರಿನ ಜೊತೆ ಸೇರಿದ. "ನನ್ನ ಜೋಡಿ ಇಷ್ಟೊತ್ತು ಎಂದೂ ಪರದ್ಯಾಗ ಕುಂತಿಲ್ಲ ನೋಡವಾ" ಎಂದು ಅತ್ತಿಗೆ ನನಗೆ ದೂರಿದಳು. ಕೋಟಿನ ಮೇಲೆ ಕೋಟು, ಏಳು ಕೋಟು. ಪರದೆ ಸರಿಸಿದಾಗ ನಾನು ಬಾಯಿ ತೆರೆದು ನಿಂತೆ. ನಡುವೆ ಭತ್ತ, ಅಂಚಿಗೆ ಬೆಲ್ಲ, ಒಂದು ಕಣ ಧೂಳಿಲ್ಲ!

ತಂತಿ, ವೈರುಗಳು ಮಸಾಲೆ ಡಬ್ಬಿಯಿಂದ ಮರಳಿ ಬಂದವು. ಆಮೇಲೆ? "ಇನ್ನಾ ಕಟ್ ಅನ್ನವಲ್ದು. ತಿಂಗಳು ಹೋಗ್ಲಿ." ಆ ತಿಂಗಳು ಯಾರನ್ನೂ ಹತ್ತಿರ ಸುಳಿಯಗೊಡಲಿಲ್ಲ. ಅತ್ತಿಗೆ ಉಸಿರಾಡಿದರೂ ದೂರ ನಿಂತು ಉಸಿರಾಡಬೇಕು.

ಅಷ್ಟರಲ್ಲಿ ಗಿರಣಿಯ ಯಂತ್ರಕ್ಕೆ ಗಿರಾಕಿ ಸಿಕ್ಕಿತು. ಮರುದಿನ ಬಿಚ್ಚಿಕೊಂಡು ಹೋಗುವವರು ಬರುತ್ತಾರೆ ಎಂದಾಗ ಅವ್ವ ಈಗ ನುಡಿಸಲೇಬೇಕೆಂದು ಹಟ ಹಿಡಿದು ಗಿರಣಿಯೊಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಳು. ನಾನೂ ಹೊಸಪೇಟೆಯಿಂದ ಓಡಿಬಂದಿದ್ದೆ. ಅಣ್ಣನಿಗೆ ಬೇರೆ ದಾರಿಯಿರಲಿಲ್ಲ. ತಲೆ ತಗ್ಗಿಸಿ ನುಡಿಸತೊಡಗಿದ.

ನನಗೆ ಸಂಗೀತ ತಿಳಿಯದು. ಆದರೆ ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಅತ್ತಿಗೆ ಗೋಡೆಗೆ ಒರಗಿ, ಇಷ್ಟು ವರ್ಷ ಈ ಮನುಷ್ಯ ಎಲ್ಲಿದ್ದ ಎನ್ನುವಂತೆ ಗಂಡನನ್ನೇ ನೋಡುತ್ತಿದ್ದಳು. ಆಗ ಅವ್ವ ಕೂಗಿದಳು.

"ಚಾಲೂ ಮಾಡೋ! ಎಷ್ಟೊತ್ತು ಕಾಯಲಿ?"

ಅಣ್ಣನ ಕೈ ನಿಂತಿತು. ಗಿರಣಿಯ ಗದ್ದಲದ ಗೋಡೆಯಾಚೆ ಬದುಕಿದ ಅಷ್ಟು ವರ್ಷಗಳಲ್ಲಿ ಅವ್ವನ ಕಿವಿ ಪೂರಾ ಹೋಗಿತ್ತು; ನಮ್ಮ ಮಾತನ್ನು ಅವಳು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ದಿನವೂ ಅವಳ ಮುಂದೆ ಕೂಗಾಡುವ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಅವ್ವ ಮಗನ ಮುಖ ನೋಡಿ ಎಲ್ಲ ತಿಳಿದುಕೊಂಡಳು. ಎದ್ದು ಬಂದು, ಆ ಹೊಳೆಯುವ ಬಣ್ಣದ ಮೇಲೆ ಅಂಗೈ ಊರಿದಳು. ಯಾರನ್ನೂ ಹತ್ತಿರ ಬಿಡದ ಅಣ್ಣ ಗಿಟಾರನ್ನು ಅವಳತ್ತ ಇನ್ನಷ್ಟು ಸರಿಸಿದ.

"ಈಗ ನುಡಸು" ಎಂದಳು.

ಅಣ್ಣ ನುಡಿಸಿದ. ಅವ್ವ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು.

"ಗಿರಣಿ ಚಾಲೂ ಆತಲ್ಲೋ ಯಪ್ಪಾ! ನಮ್ಮ ಅಡಗಿಮನಿ ಗ್ವಾಡಿ ಹಿಂಗ ನಡಗತಿತ್ತು!"

ಅಣ್ಣ ಅಳುತ್ತಾ ನುಡಿಸಿದ, ಅವ್ವ ಕೈ ತೆಗೆಯುವವರೆಗೂ ನುಡಿಸಿದ. ಕೈ ತೆಗೆದಾಗ ನೋಡಿದರೆ, ಇನ್ನೂ ಮೆತ್ತಗಿದ್ದ ಲ್ಯಾಕರಿನಲ್ಲಿ ಐದು ಬೆರಳುಗಳೂ ಅಚ್ಚಾಗಿ ಮೂಡಿದ್ದವು.

"ಉಜ್ಜಿ ಇನ್ನೊಂದು ಕೋಟ್ ಹಾಕಿದ್ರ ಹೋಗತೈತಿ ಬಿಡಣ್ಣ" ಎಂದೆ.

ಅಣ್ಣ ಕಣ್ಣೊರೆಸಿಕೊಂಡು, ಜೇಬಿನಿಂದ ಆ ಕಟ್ಟಿಗೆ ತುಂಡು ತೆಗೆದು ಕಚ್ಚಿದ.

"ಕಟ್ ಅಂತು. ಒಣಗೈತಿ. ಇನ್ನ ಯಾರೂ ಕೈ ಹಚ್ಚಬ್ಯಾಡ್ರಿ" ಎಂದ.

ನಾನು ಪಕ್ಕದಲ್ಲೇ ನಿಂತಿದ್ದೆ. ನನಗಂತೂ ಏನೂ ಕೇಳಿಸಲಿಲ್ಲ.