ಕೀನ್ಯಾದ ಬಬೂನು ಮತ್ತು ಕೊನೆಯ ಬಾಟಲಿ ಅಪ್ಪೆಮಿಡಿ

ಧೈರ್ಯದ ವಿಷಯದಲ್ಲಿ ನಮ್ಮ ಮನೆಯಲ್ಲಿ ನನಗೆ ಒಳ್ಳೆಯ ಹೆಸರಿಲ್ಲ. ಹಲ್ಲಿ ಕಂಡರೆ ಕುರ್ಚಿ ಹತ್ತುವವಳು ನಾನು. ಹೊಸನಗರದಲ್ಲಿ ಹೊಲಿಗೆ ಕ್ಲಾಸ್ ನಡೆಸುವ ನಾನು ಕೀನ್ಯಾಕ್ಕೆ ಸಫಾರಿ ಹೊರಟಿದ್ದೇನೆ ಎಂದಾಗ ನನ್ನ ಶಿಷ್ಯೆಯರೇ ಮುಸಿಮುಸಿ ನಕ್ಕರು. ಜೊತೆಗೆ ಹೊರಟಿದ್ದ ಗಂಡನಂತೂ, "ಸಿಂಹ ಕಂಡ್ರೆ ಕಿರುಚ್ಬೇಡ ಮಾರಾಯ್ತಿ, ಪಾಪ, ಅದು ಹೆದ್ರಿಕೊಳ್ತದೆ" ಎಂದರು. ನನಗೆ ಮೈಯೆಲ್ಲಾ ಉರಿಯಿತು. ಧೈರ್ಯಸ್ಥೆ ಅನ್ನಿಸಿಕೊಂಡೇ ವಾಪಸು ಬರುತ್ತೇನೆಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಸೂಟ್‌ಕೇಸಿನಲ್ಲಿ ಎರಡು ಸೀರೆಯ ನಡುವೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಇಟ್ಟಿದ್ದೆ. ಮಿಡಿಯಿಲ್ಲದೆ ನಮ್ಮ ಕಡೆಯವರು ತಾಳಗುಪ್ಪದಲ್ಲಿ ರೈಲು ಕೂಡ ಹತ್ತುವುದಿಲ್ಲ. ಇದು ಮೇಳಿಗೆಯ ನನ್ನ ತವರಿನ ಹೊಳೆದಂಡೆಯ ಮಾವಿನ ಮರದ ಮಿಡಿ. ಕಳೆದ ಮಳೆಗಾಲದಲ್ಲಿ ಆ ಮರ ಬುಡಮೇಲಾಗಿ ಬಿತ್ತು. ಹಾಗಾಗಿ ಅದರ ಕೊನೆಯ ಬಾಟಲಿ ಇದೇ.

ಸಫಾರಿಯ ಮೊದಲ ದಿನವೇ ಸಿಂಹ ಕಂಡಿತು. ಊಟವಾದ ಮೇಲಿನ ಗುಮಾಸ್ತರಂತೆ ನಮಗೆ ಬೆನ್ನು ಹಾಕಿ ಮಲಗಿತ್ತು. ಅದಕ್ಕೆ ಹೆದರುವುದಾದರೂ ಹೇಗೆ?

ಎರಡನೆಯ ದಿನ ಮಧ್ಯಾಹ್ನ ಪ್ರವಾಸದ ಗುಂಪಿನವರೆಲ್ಲ ಮರದಡಿ ಬುತ್ತಿ ಬಿಚ್ಚಿದೆವು. ಬ್ರೆಡ್ಡು ಸಪ್ಪೆ. ಬೆಳಿಗ್ಗೆಯೇ ಸೂಟ್‌ಕೇಸಿನಿಂದ ಕೈಚೀಲಕ್ಕೆ ಹಾಕಿಕೊಂಡಿದ್ದ ಮಿಡಿ ತೆಗೆಯೋಣವೆಂದು ಜಿಪ್ ಎಳೆದೆನೋ ಇಲ್ಲವೋ, ಮೇಲಿಂದ ದಢಾರನೆ ಒಂದು ಬಬೂನು ಇಳಿಯಿತು. ಮಂಗವೇ, ಆದರೆ ನಾಯಿಯಂಥ ಮೂತಿ, ಕರುವಿನಷ್ಟು ಮೈ! ಚೀಲ ಕಿತ್ತುಕೊಂಡು ಜೀಪಿನ ನೆತ್ತಿಯ ಮೇಲೆ ಕೂತಿತು. ಚೀಲದಲ್ಲಿ ನಮ್ಮಿಬ್ಬರ ಪಾಸ್‌ಪೋರ್ಟುಗಳೂ ಇದ್ದವು. ಗಂಡ "ಪಾಸ್‌ಪೋರ್ಟ್! ಪಾಸ್‌ಪೋರ್ಟ್!" ಎಂದು ಬಡಕೊಂಡರು. ಡ್ರೈವರ್ ಚಪ್ಪಾಳೆ ತಟ್ಟಿದರೆ ಅದು ಕೋರೆಹಲ್ಲು ತೋರಿಸಿತು. ನಾನು ಮುಂದೆ ಹೋದರೆ ಡ್ರೈವರ್ ತಡೆದ. "ಮೇಡಂ, ಇವು ಹೆಂಗಸರಿಗೆ ಹೆದರುವುದಿಲ್ಲ."

ಅಯ್ಯೋ, ಇದನ್ನು ಮೇಳಿಗೆಯವಳಿಗೆ ಹೇಳಿಕೊಡಬೇಕೇ? ತವರಿನಲ್ಲಿ ಬಾಳೆಗೊನೆಗೆ ಮಂಗ ಬಂದರೆ ಅಮ್ಮ ಅಪ್ಪನ ಅಂಗಿ ತೊಟ್ಟು, ಮುಂಡಾಸು ಸುತ್ತಿ, ಗಂಡುದನಿಯಲ್ಲಿ ಕೂಗುತ್ತಾ ಕಲ್ಲು ಹೆಕ್ಕುವವಳಂತೆ ಬಗ್ಗುತ್ತಿದ್ದಳು. ಕಲ್ಲು ಇರಲೇಬೇಕೆಂದಿಲ್ಲ, ಬಗ್ಗಬೇಕು ಅಷ್ಟೆ. ನಾನೂ ಹತ್ತು ವರ್ಷಕ್ಕೇ ಕಲಿತಿದ್ದೆ. ನಾನು ಹುಡುಗಿ ಎಂಬುದು ಮೇಳಿಗೆಯ ಮಂಗಗಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಗಂಡನ ಜಾಕೆಟ್ ಎಳೆದು ತೊಟ್ಟೆ. ಅವರ ಟವೆಲ್ಲನ್ನೇ ಮುಂಡಾಸು ಮಾಡಿದೆ. "ಹೂಯ್!" ಎಂದು ಹೊಟ್ಟೆಯಾಳದಿಂದ ಕೂಗು ಹಾಕಿ, ಬಾಯಿಗೆ ಬಂದದ್ದು ಬೈಯುತ್ತಾ ಬಗ್ಗಿದೆ. ಬಬೂನು ನನ್ನನ್ನು ನೋಡಿತು, ನೆಲ ನೋಡಿತು, ಚೀಲ ಬಿಸಾಡಿ ಓಟ ಕಿತ್ತಿತು! ಚೀಲದೊಳಗಿನದೆಲ್ಲ ಸುರಕ್ಷಿತವಾಗಿತ್ತು. ಜೊತೆಯವರೆಲ್ಲ ಕುಣಿದಾಡಿದರು. ಡ್ರೈವರ್ ನನಗೊಂದು ಸೆಲ್ಯೂಟ್ ಹೊಡೆದ. ಆ ಕ್ಷಣದಲ್ಲಿ ಇಡೀ ಆಫ್ರಿಕಾ ನನ್ನದೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ?

ಊರಿಗೆ ಬಂದ ಮೇಲೆ ಮಹಿಳಾ ಸಮಾಜದವರು ಶಾಲು ಹೊದಿಸಿದರು. "ಪರದೇಶದಲ್ಲಿ ಪಾಸ್‌ಪೋರ್ಟ್ ಅಂದ್ರೆ ಪ್ರಾಣ. ಆ ಕ್ಷಣ ನನ್ನ ಕಣ್ಣಿಗೆ ಕಂಡದ್ದು ಅದೊಂದೇ" ಎಂದು ಭಾಷಣ ಬಿಗಿದೆ. ಪ್ರವಾಸಕ್ಕೆ ಜೊತೆಯಲ್ಲಿ ಬಂದಿದ್ದ ಸಾಗರದ ಸುಮಿತ್ರಕ್ಕ ಎದ್ದು, "ನನ್ನ ಮೊಬೈಲಲ್ಲಿ ವಿಡಿಯೋ ಉಂಟು, ಎಲ್ಲರೂ ನೋಡ್ರೇ" ಎಂದು ಮೈಕಿಗೇ ಹಿಡಿದರು. ಸಭೆಯಲ್ಲಿ ನನ್ನ ಗಂಡುದನಿ ಮೊಳಗಿತು: "ಏಯ್! ಪಾಸ್‌ಪೋರ್ಟ್ ಹಾಳಾಗಿ ಹೋಗ್ಲಿ, ಮಿಡಿ ಕೊಡೋ ಇಲ್ಲಿ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನಿಂದ ಗಂಡ, "ನಂಗೆ ಅವತ್ತೇ ಕೇಳಿತ್ತು. ಮರ್ಯಾದೆ ಅಂತ ಸುಮ್ನಿದ್ದೆ" ಎಂದರು.

ನಾನೇನು ಬಿಡುತ್ತೇನೆಯೇ? ಶಾಲು ಸರಿ ಮಾಡಿಕೊಂಡೆ. "ಪಾಸ್‌ಪೋರ್ಟ್ ಇನ್ನೊಂದು ಮಾಡಿಸ್ಬಹುದು. ಬಿದ್ದ ಮರ ಇನ್ನೊಂದ್ಸಲ ಮಿಡಿ ಬಿಡ್ತದಾ?" ಎಂದೆ. ನಗುತ್ತಿದ್ದವರೇ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ತೊಲೆಯಿಂದ ಒಂದು ಹಲ್ಲಿ ಪಟ್ಟನೆ ಮೈಕಿನ ಪಕ್ಕ ಬಿತ್ತು. ಉಳಿದ ಭಾಷಣವನ್ನು ಕುರ್ಚಿಯ ಮೇಲೆ ನಿಂತು ಮುಗಿಸಿದೆ.