ಗುರುಪಾದನಿಗೆ ಸಕ್ಕರೆ ಕಾಯಿಲೆ ಬಂದ ದಿನ

ಗುರುಪಾದನ ಫ್ರಿಜ್ಜಿನಲ್ಲಿದ್ದ ದೊಡ್ಡ ಕೋಲ್ಡ್ರಿಂಕ್ ಬಾಟಲಿಯ ಆಯುಷ್ಯ ಆ ಭಾನುವಾರಕ್ಕೆ ಮುಗಿಯುತ್ತಿತ್ತು. ಕುತ್ತಿಗೆಯ ಮೇಲೆ ಅಚ್ಚಾಗಿದ್ದ ತಾರೀಖನ್ನು ಅವನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದ. ತಾರೀಖು ಬದಲಾಗಲಿಲ್ಲ.

ಬಾಟಲಿಯನ್ನು ಅವನು ತನಗಾಗಿ ಇಟ್ಟಿರಲಿಲ್ಲ. ಮನೆಗೆ ಬಂದವರನ್ನು ಒಣಬಾಯಲ್ಲಿ ಕಳಿಸಬಾರದು ಎಂಬುದು ವಿಜಯಪುರದಲ್ಲಿ ಅವನ ಅವ್ವ ಕಲಿಸಿದ ಪಾಠ. ಬಂದವರಿಗೆ ಇಟ್ಟದ್ದನ್ನು ಮನೆಯವರು ಮುಟ್ಟಬಾರದು ಎಂಬುದು ಅದೇ ಪಾಠದ ಮುಂದಿನ ಭಾಗ. ಮುಂಬೈಯ ಫೋರ್ಟಿನ ವಿಮಾ ಕಚೇರಿಗೆ ವರ್ಗವಾಗಿ ಬಂದು, ಮಲಾಡಿನ ಈ ಬಿಲ್ಡಿಂಗಿನಲ್ಲಿ ಒಂದು ಕೋಣೆ ಹಿಡಿದಾಗಿನಿಂದ ಅವನು ಪಾಠ ತಪ್ಪಿರಲಿಲ್ಲ. ಬರುವವರೇ ತಪ್ಪಿದ್ದರು. ಲಗ್ನವಾಗದ ಮನುಷ್ಯ, ವಯಸ್ಸು ಐವತ್ತರ ಹತ್ತಿರ. ಅವನ ಬಾಗಿಲಿಗೆ ಬರುತ್ತಿದ್ದವರೆಂದರೆ ಗ್ಯಾಸಿನವನು ಮತ್ತು ಕೊರಿಯರಿನವನು, ಅವರೂ ಹೊಸ್ತಿಲಾಚೆಯೇ ನಿಂತು ಸಹಿ ಹಾಕಿಸಿಕೊಂಡು ಹೋಗುವವರು. ಹಿಂದಿನ ಬಾಟಲಿಯ ತಾರೀಖು ಮುಗಿದಾಗ ಅವನೇ ಅದನ್ನು ಮೋರಿಗೆ ಸುರಿದಿದ್ದ. ಅದು ಬುಸುಗುಟ್ಟುತ್ತ ಇಳಿದುಹೋಗುವಾಗ ಅವನಿಗೆ ಅಳುವೇ ಬಂದಿತ್ತು.

ಈ ಸಲ ಹಾಗಾಗಕೂಡದು. ಇವತ್ತು ಯಾರಾದರೊಬ್ಬರು ಈ ಮನೆಯಲ್ಲಿ ಕೂತು ಒಂದು ಗ್ಲಾಸು ಕುಡಿಯಲೇಬೇಕು. ಹಾಗೆಂದು ನಿಶ್ಚಯಿಸಿ, ಗ್ಲಾಸುಗಳನ್ನು ತೊಳೆದು ಒರೆಸಿಟ್ಟು, ಅವನು ಎದುರು ಮನೆಯ ಬೆಲ್ ಒತ್ತಿದ.

ಬಾಗಿಲು ತೆರೆದವಳು ಧಾರವಾಡದ ಭುವನೇಶ್ವರಿ.

“ಅಕ್ಕಾರ, ಒಂದೀಟು ನಮ್ಮನಿಗೆ ಬರ್ರಿ. ಥಂಡಾ ಕುಡದು ಹೋಗೀರಂತ.”

“ಅಯ್ಯ ಅಣ್ಣಾರ, ಥಂಡಾದಾಗ ಬರೇ ಸಕ್ಕರಿ ಇರ್ತೈತ್ರಿ! ಮೊಬೈಲ್‌ನ್ಯಾಗ ನೋಡಿಲ್ಲೇನು? ಚಮಚಾ ಚಮಚಾ ಸುರುವಿ ತೋರಸ್ತಾರ. ನೀವು ಕುಡೀತೀರೇನು ಅದನ್ನ?”

“ಇಲ್ರೀ, ನಾ ಒಂದ್ ಹನೀನೂ ಮುಟ್ಟೂದಿಲ್ಲ,” ಎಂದ ಗುರುಪಾದ. ಇದ್ದದ್ದನ್ನು ಇದ್ದಹಾಗೆ ಹೇಳುವುದು ಅವನ ಹಳೆಯ ರೋಗ.

ಭುವನೇಶ್ವರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಪಾಪ!” ಎಂದು ಬಾಗಿಲು ಹಾಕಿಕೊಂಡಳು. ಈ ವಯಸ್ಸಿನ ಗಂಡಸು ಒಂದು ಹನಿಯೂ ಮುಟ್ಟುವುದಿಲ್ಲವೆಂದರೆ ಡಾಕ್ಟರೇ ಬೇಡವೆಂದಿರಬೇಕು ಎಂದು ಅವಳಿಗೆ ಖಾತ್ರಿಯಾಗಿತ್ತು. ಗುರುಪಾದ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಸುದ್ದಿ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪು ಹತ್ತಿಯಾಗಿತ್ತು.

ಮೇಲಿನ ಮಹಡಿಯ ಶರಣ ಗೋರೆಗಾಂವಿನ ಜಿಮ್ಮಿನಲ್ಲಿ ಟ್ರೇನರ್. ಮುಂಬೈಯಲ್ಲೇ ಹುಟ್ಟಿ ಬೆಳೆದವನು, ಕನ್ನಡ ತಡವರಿಸುತ್ತ ಬರುತ್ತಿತ್ತು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಎನರ್ಜಿ ಡ್ರಿಂಕಿನ ಕ್ಯಾನು.

“ಇಲ್ಲ ಅಂಕಲ್, ಶುಗರ್ ಪೂರಾ ಬಂದ್ ಮಾಡಿದೀನಿ. ಪಾಯ್ಸನ್ ಹೈ ವೋ.”

“ಮತ್ತ ಕೈಯಾಗಿಂದು ಏನಪಾ?”

“ಇದು ಎನರ್ಜಿ ಅಂಕಲ್, ಶುಗರ್ ಅಲ್ಲ!” ಒಂದು ಗುಟುಕು ಹೀರಿ, ಮೊಬೈಲನ್ನೊಮ್ಮೆ ನೋಡಿ ಜೇಬಿಗಿಳಿಸಿ, ಗುರುಪಾದನ ಹೆಗಲ ಮೇಲೆ ಕೈಯಿಟ್ಟ. “ಡರೋ ಮತ್. ನನ್ನ ಪಪ್ಪಾಗೂ ಇತ್ತು. ಆದ್ರೂ ಸುಮಾರು ದಿನ ಇದ್ರು.”

ಪಪ್ಪನಿಗೆ ಏನಿತ್ತು, ಅದನ್ನು ತನಗೇಕೆ ಹೇಳಿದ ಎಂದು ತಿಳಿಯದೆ ಗುರುಪಾದ ಮನೆಗೆ ಮರಳಿದ. ಕರೆದು ಕರೆದು ನಾಚಿಕೆಯಾಗಿತ್ತು. ಬಾಗಿಲು ತೆರೆದಿಟ್ಟು, ಬಾಟಲಿಯನ್ನೂ ಗ್ಲಾಸುಗಳನ್ನೂ ಟೀಪಾಯಿಯ ಮೇಲೆ ಜೋಡಿಸಿ, ಹೆಣ್ಣು ನೋಡಲು ಬರುವವರನ್ನು ಕಾಯುವ ಅಪ್ಪನಂತೆ ಕೂತ.

ಹೊರಗೆ ಚಪ್ಪಲಿಗಳ ಸದ್ದಾಯಿತು. ಭುವನೇಶ್ವರಿ, ಅವಳ ಅತ್ತೆ ಮಲ್ಲವ್ವ, ಶರಣ, ಸೊಸೈಟಿಯ ಸೆಕ್ರೆಟರಿ ದೇವಾನಂದ, ಎಲ್ಲರೂ ಒಟ್ಟಿಗೆ ಒಳನುಗ್ಗಿದರು.

“ನೋಡ್ರಿ, ನೋಡ್ರಿ! ಮುಟ್ಟೂದಿಲ್ಲ ಅಂದವ್ರು ಬಾಟ್ಲಿ ಮುಂದ ಇಟ್ಕೊಂಡು ಕುಂತಾರ!” ಎಂದು ಭುವನೇಶ್ವರಿ ಕೂಗಿದಳು. ದೇವಾನಂದ ಬಾಟಲಿ ಕಸಿದು ಮೋರಿಗೆ ಬಗ್ಗಿಸಿದ. ಗುರುಪಾದ “ಅಯ್ಯೋ” ಎನ್ನುವಷ್ಟರಲ್ಲಿ ಅದು ಖಾಲಿಯಾಗಿತ್ತು.

“ಶುಗರ್ ಎಷ್ಟು ಇದೆ ನಿಮಗೆ?” ದೇವಾನಂದ ಗದರಿದ.

ನನಗೆ ಸಕ್ಕರೆ ಕಾಯಿಲೆಯೇ ಇಲ್ಲ ಎನ್ನಲು ಗುರುಪಾದ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಕೋಣೆಯ ಮೇಲೆ ಹೋಯಿತು. ಮಲ್ಲವ್ವ ಮಂಚದ ಮೇಲೆ ಕೂತಿದ್ದಳು. ಭುವನೇಶ್ವರಿ ಕುರ್ಚಿ ಎಳೆದುಕೊಂಡಿದ್ದಳು. ಶರಣನ ಭಾರಕ್ಕೆ ಟ್ರಂಕು ನರಳುತ್ತಿತ್ತು. ತನ್ನ ಮನೆಯಲ್ಲಿ ಜನ ಕೂತಿದ್ದಾರೆ! ಇಲ್ಲ ಎಂದರೆ ಈಗಲೇ ಎದ್ದು ಹೋಗುತ್ತಾರೆ.

“ಭಾಳ ಐತ್ರಿ,” ಎಂದುಬಿಟ್ಟ.

ಎಲ್ಲರೂ ಇನ್ನಷ್ಟು ಆರಾಮಾಗಿ ಕೂತರು.

“ಕಾಲು ಜುಮು ಜುಮು ಅಂತಾವೇನೋ ತಮ್ಮಾ?” ಎಂದು ಮಲ್ಲವ್ವ ಅವನ ಪಾದ ಎಳೆದು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು.

“ಅಂತಾವ ಯವ್ವಾ. ಕಣ್ಣೂ ಮಸಕು ಮಸಕು.”

ಕಣ್ಣು ಮಸುಕಾದದ್ದು ಸುಳ್ಳಲ್ಲ. ಅವನನ್ನು ಯಾರಾದರೂ ಹೀಗೆ ಮುಟ್ಟಿ ವರ್ಷಗಳೇ ಆಗಿದ್ದವು.

ದೇವಾನಂದ ಒಂದು ಪುಡಿಯ ಡಬ್ಬಿ ತೆಗೆದಿಟ್ಟ. “ರೋಜ್ ಬೆಳಿಗ್ಗೆ ಎರಡು ಚಮಚ ತಗೊಳ್ಳಿ. ನಾನೂ ತಗೊಳ್ತೇನೆ.”

“ನಿಮಗೂ ಸಕ್ಕರಿ ಐತೇನ್ರಿ?”

“ಇಲ್ಲ, ಬರಬಾರದು ಅಂತ.”

“ಇದರಾಗ ಏನೇನ್ ಹಾಕ್ಯಾರ್ರಿ?”

“ಎಲ್ಲಾ ನ್ಯಾಚುರಲ್,” ಎಂದ ದೇವಾನಂದ. ಏನೇನು ನ್ಯಾಚುರಲ್ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಸಕ್ಕರೆಯ ಅಪಾಯಗಳ ಬಗ್ಗೆ ಮಾತಾಡಿ ಮಾತಾಡಿ ಎಲ್ಲರ ಗಂಟಲು ಒಣಗಿತು. ಶರಣ ಫೋನು ಮಾಡಿ ತಣ್ಣನೆಯ ಎನರ್ಜಿ ಡ್ರಿಂಕ್ ತರಿಸಿದ. ಮಲ್ಲವ್ವ ಕೂಡ ಕೆಮ್ಮಿನ ಔಷಧಿಯಂಗ ಐತಿ ಎನ್ನುತ್ತಲೇ ಒಂದು ಕ್ಯಾನು ಮುಗಿಸಿದಳು. ರೋಗಿಗೆ ಮಾತ್ರ ಬಿಸಿನೀರು ಕೊಟ್ಟರು. ಗುರುಪಾದ ಅದನ್ನೇ ಅಮೃತದಂತೆ ಕುಡಿದ. ಆ ಕೋಣೆಯಲ್ಲಿ ಮೊದಲ ಸಲ ನಗು ಕೇಳಿಸುತ್ತಿತ್ತು.

ಭುವನೇಶ್ವರಿ ಏಳುತ್ತ ಅಂದಳು: “ಬರೂ ಐತವಾರ ನಮ್ಮ ಮನ್ಯಾಗ ಹೋಳಗಿ ಊಟ. ಇಡೀ ಬಿಲ್ಡಿಂಗಿಗೆ ಹೇಳಾಕತ್ತೀನಿ, ಎಲ್ಲಾರೂ ಬರಬೇಕು.”

ಗುರುಪಾದನ ಎದೆ ಹಿಗ್ಗಿತು. ಈ ಊರಿಗೆ ಬಂದ ಮೇಲೆ ಅವನನ್ನು ಊಟಕ್ಕೆ ಕರೆದವರಿರಲಿಲ್ಲ.

“ನಾ ಮುಂಜಾನೆನ ಬರ್ತೀನ್ರಿ ಅಕ್ಕಾರ! ಹೂರಣಾ ರುಬ್ಬಿ ಕೊಡ್ತೀನಿ!”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಯ್ಯ ಅಣ್ಣಾರ, ನಿಮ್ಮನ್ನ ಹೆಂಗ ಕರೀಲಿ? ನಿಮ್ಮ ಮುಂದ ಕುಂತು ತಿಂದ್ರ ನಮ್ಮ ಗಂಟಲದಾಗ ಇಳೀತೈತೇನು?”

“ನನಗ ಸಕ್ಕರಿ ಇಲ್ರೀ! ದೇವರಾಣಿ ಇಲ್ಲ! ನೀವು ಕುಂದರ್ಲಿ ಅಂತ ಸುಳ್ಳ ಹೇಳಿದ್ನಿ!”

ಮಲ್ಲವ್ವ ಅವನ ಗಲ್ಲ ಸವರಿದಳು. “ನಮ್ಮ ಮನಿಯವರೂ ಹೋಳಗಿ ಅಂದ್ ಕೂಡ್ಲೆ ಹಿಂಗ ಆಣಿ ಮಾಡ್ತಿದ್ರೋ ತಮ್ಮಾ.”

“ಚಿಂತಾ ಮಾಡಬೇಡಿ,” ಎಂದ ದೇವಾನಂದ, ಮೊಬೈಲಿನಲ್ಲಿ ಗ್ರೂಪಿಗೆ ಬರೆಯುತ್ತ. “ಇನ್ನು ಪೂಜೆ, ಬರ್ತ್‌ಡೇ, ಲಗ್ನ, ಯಾವುದಕ್ಕೂ ನಿಮ್ಮನ್ನು ಯಾರೂ ಕರೆಯೋದಿಲ್ಲ. ಸೊಸೈಟಿ ಜವಾಬ್ದಾರಿ.”

ಎಲ್ಲರೂ ತಲೆಯಾಡಿಸಿದರು. ರೋಗಿಗೆ ವಿಶ್ರಾಂತಿ ಬೇಕೆಂದು ಪಿಸುಗುಡುತ್ತ ಒಬ್ಬೊಬ್ಬರಾಗಿ ಹೊರನಡೆದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದರು.