ದಪ್ಪ ಟೊಮೆಟೊ ಮತ್ತು ಜೀವಶಾಸ್ತ್ರದ ಮೇಷ್ಟ್ರು

ಇಪ್ಪತ್ತು ವರ್ಷ ಒಂದು ವಿಷಯ ಪಾಠ ಮಾಡಿದವನಿಗೆ ಆ ವಿಷಯ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ. ಯಲಹಂಕದ ಒಂದು ಹೈಸ್ಕೂಲಿನಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ಹೂವಿನ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಪರಾಗ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಬಾಣ ಹಾಕಿ ತೋರಿಸಬಲ್ಲೆ. ಬಾಣ ಹಾಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ ಎಂದು ತಿಳಿದದ್ದು ಮಾತ್ರ ಒಂದು ಟೊಮೆಟೊ ಗಿಡದಿಂದ.

ಯಶವಂತಪುರಕ್ಕೆ ಮೆಟ್ರೋ ಬಂದ ಮರುವರ್ಷ ಇರಬೇಕು. ಜಕ್ಕೂರಿನ ಹಳೇ ಊರೊಳಗೆ ಮುನಿಲಕ್ಷ್ಮಮ್ಮ ಎಂಬುವವರ ಮನೆಯ ಮೊದಲ ಮಹಡಿಯಲ್ಲಿ ನಾನೂ ನನ್ನ ಹೆಂಡತಿ ಸುಧಾಳೂ ಬಾಡಿಗೆಗಿದ್ದೆವು. ಕೈತೋಟದ ಹುಚ್ಚಿನವರೆಲ್ಲ ಪಾರ್ಕಿನಲ್ಲಿ ಸೇರಿ ಬೀಜ ಹಂಚಿಕೊಳ್ಳುತ್ತಿದ್ದ ಕಡೆ ಹಿರಿಯರೊಬ್ಬರು ನನ್ನ ಅಂಗೈಗೆ ಆರು ಬೀಜ ಹಾಕಿ, "ಹೈಬ್ರಿಡ್ ಅಲ್ಲ ಸರ್, ತಲೆತಲಾಂತರದಿಂದ ಉಳಿಸ್ಕೊಂಡು ಬಂದಿರೋ ತಳಿ. ಬೀಫ್‌ಸ್ಟೇಕ್ ಅಂತಾರೆ. ಒಂದೊಂದು ಹಣ್ಣು ಅರ್ಧ ಕೆಜಿ ತೂಗುತ್ತೆ" ಎಂದರು. ಹೆಸರು ಕೇಳಿದ ಸುಧಾ, "ದೇವರ ಮನೆ ಪಕ್ಕ ನಿಂತ್ಕೊಂಡು ಅದನ್ನ ಕೂಗ್ಬೇಡಿ, ದಪ್ಪ ಟೊಮೆಟೊ ಅಂದ್ರೆ ಸಾಕು" ಎಂದಳು. ಅಂದಿನಿಂದ ಅದು ದಪ್ಪ ಟೊಮೆಟೊ.

ಆರರಲ್ಲಿ ಮೊಳೆತದ್ದು ಎರಡು, ಉಳಿದದ್ದು ಒಂದು. ಅದನ್ನು ನಾನು ತಾರಸಿಯ ಮೂಲೆಯಲ್ಲಿಟ್ಟು, ಹಕ್ಕಿಯಿಂದ, ಗಾಳಿಯಿಂದ, ತಲೆಯ ಮೇಲೆ ಗಿರಕಿ ಹೊಡೆಯುವ ತರಬೇತಿ ವಿಮಾನಗಳ ಸದ್ದಿನಿಂದ ಕಾಪಾಡಲೆಂದು ಸುತ್ತಲೂ ಬಲೆ ಕಟ್ಟಿದೆ. ದಿನಾ ಗೊಬ್ಬರ. ಗಿಡ ನನ್ನ ಎದೆಯೆತ್ತರ ಬೆಳೆಯಿತು, ಚಿನ್ನದ ಬಣ್ಣದ ಹೂ ಬಿಟ್ಟಿತು, ಬಿಟ್ಟ ಹೂವನ್ನೆಲ್ಲ ಉದುರಿಸಿತು. ಮೂರು ವಾರ ನಾನು ಬೆಳಿಗ್ಗೆ ಎದ್ದು ಹೂ ಗುಡಿಸಿದ್ದೇ ಬಂತು.

ಒಂದು ಭಾನುವಾರ ಮುನಿಲಕ್ಷ್ಮಮ್ಮ ಮೆಣಸಿನಕಾಯಿ ಒಣಹಾಕಲು ಮೇಲೆ ಬಂದರು. ಲೇಔಟ್ ಆಗುವ ಮೊದಲು ಇದೇ ಜಕ್ಕೂರಿನಲ್ಲಿ ಟೊಮೆಟೊ ಬೆಳೆದು ಮಾರ್ಕೆಟ್ಟಿಗೆ ಕಳಿಸುತ್ತಿದ್ದವರು. ಬಲೆಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಸೊಳ್ಳೆ ಪರದೆ ಕಟ್ಟಿದೀರಲ್ಲ ಮೇಷ್ಟ್ರೇ, ಇದೇನ್ ಬಾಣಂತೀನಾ?"

ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ, ಆದ್ದರಿಂದ ದುಂಬಿ ಬರದಿದ್ದರೂ ನಡೆಯುತ್ತದೆ ಎಂದು ನಾನು ವಿವರಿಸಿದೆ.

"ಸರಿ, ಅಲ್ಲಾಡಿಸೋರ್ ಯಾರು? ನೀವ್ ಇಂಗೆ ಏಳ್ತಾ ನಿಂತ್ರೆ ಅದು ಕೇಳಿಸ್ಕಂಡು ಕಾಯಿ ಬಿಡ್ತದಾ?" ಎನ್ನುತ್ತಲೇ ಬಲೆ ಕಿತ್ತೆಸೆದು, ಹೂಗೊಂಚಲಿನ ತೊಟ್ಟಿಗೆ ಬೆರಳಿನಿಂದ ಟಕ್ಕೆಂದು ಹೊಡೆದರು. ಬಿಸಿಲಿನಲ್ಲಿ ಹಳದಿ ಹುಡಿ ಹಾರಿತು. ಪುಸ್ತಕದ ಹೊರಗೆ ನಾನು ಪರಾಗವನ್ನು ಕಂಡದ್ದು ಅದೇ ಮೊದಲು ಎಂದರೆ ನನ್ನ ಕೆಲಸಕ್ಕೇ ಕುತ್ತು ಬಂದೀತು.

ಹುಡಿ ಉದುರುವಷ್ಟು ಬಿಸಿಲೇರುವ ಹತ್ತು ಗಂಟೆಗೆ ನಾನು ಶಾಲೆಯಲ್ಲಿರುತ್ತಿದ್ದೆನಾದ್ದರಿಂದ ಆ ಟಕ್ಕೆನ್ನಿಸುವ ಕೆಲಸ ಅವರದೇ ಆಯಿತು. ವಾರದೊಳಗೆ ನಾಲ್ಕು ಪೀಚು ಕಚ್ಚಿದವು. ಮೂರನ್ನು ಅವರೇ ಚಿವುಟಿ ಹಾಕಿ, "ಒಂದಾದ್ರೂ ನೆಟ್ಟಗೆ ಆಗ್ಲಿ" ಎಂದರು. ಆ ಒಂದು ಆದದ್ದನ್ನು ನೋಡಬೇಕಿತ್ತು! ಸಣ್ಣ ಕುಂಬಳಕಾಯಿಯಂತೆ ಮಡಿಕೆ ಮಡಿಕೆಯಾಗಿ, ಭುಜ ಎತ್ತಿಕೊಂಡು ಉಬ್ಬಿತು. ಟೊಂಗೆ ಮುರಿಯದಿರಲೆಂದು ಮುನಿಲಕ್ಷ್ಮಮ್ಮ ಹಳೇ ಸೀರೆಯ ಪಟ್ಟಿಯಲ್ಲಿ ಅದಕ್ಕೆ ತೊಟ್ಟಿಲು ಕಟ್ಟಿದರು. ಬೀದಿಯವರೆಲ್ಲ ಬಂದು ನೋಡಿ ಹೋದರು. ಮುನಿಲಕ್ಷ್ಮಮ್ಮ ಬಂದವರಿಗೆಲ್ಲ ಅದನ್ನು "ನಮ್ ಕಾಯಿ" ಎಂದೇ ತೋರಿಸಿದರು. ಪಕ್ಕದಲ್ಲೇ ನಿಂತಿದ್ದ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಕೆಂಪು ತಿರುಗತೊಡಗಿದ ಒಂದು ಸಂಜೆ ನಾನು ತಾರಸಿ ಹತ್ತಿದರೆ ತೊಟ್ಟಿಲು ಖಾಲಿ!

ಮುನಿಲಕ್ಷ್ಮಮ್ಮನೇ ಗೊಜ್ಜು ಮಾಡಿ ತಿಂದರೆಂದು ತೀರ್ಮಾನಿಸಿ, ಮೂರು ದಿನ ಅವರು ಎದುರು ಸಿಕ್ಕರೆ ಮುಖ ತಿರುಗಿಸಿದೆ. ನಾಲ್ಕನೆಯ ದಿನ, "ಕೆಳಗೆ ಕರೀತಾ ಇದಾರೆ ಕಣ್ರೀ" ಎಂದು ಸುಧಾ ಎಳೆದುಕೊಂಡು ಹೋದಳು. ಮುನಿಲಕ್ಷ್ಮಮ್ಮ ರಾಗಿ ತುಂಬಿದ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಹಾಕಿ, ಆ ಹಣ್ಣನ್ನು ಎತ್ತಿ, ಅಂಟಿದ ರಾಗಿಯನ್ನು ಸೆರಗಿನಿಂದ ಒರೆಸಿದರು. ರಕ್ತಗೆಂಪು.

"ಆವತ್ತು ಮೋಡ ಆಗಿತ್ತು. ಮಳೆ ಬಿದ್ದಿದ್ರೆ ಬಿರ್ದೋಗೋದು. ಅದ್ಕೇ ಕಿತ್ತು ಮಡಗಿದ್ದೆ."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸುಧಾ ಅಡ್ಡಲಾಗಿ ಹೆಚ್ಚಿದಳು. ಒಂದು ಬಿಲ್ಲೆ ಎಂದರೆ ಇಡೀ ಅಂಗೈ. ಬೀಜ ಅಷ್ಟಿಷ್ಟು, ಉಳಿದದ್ದೆಲ್ಲ ತಿರುಳೇ. ಸಾರಿಗೆ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ. ಹಸಿಯಾಗಿಯೇ ತಿಂದೆವು. ಮೊದಲು ಸಿಹಿ, ಆಮೇಲೆ ನಾಲಿಗೆಯ ಅಂಚಿನಲ್ಲಿ ಒಂದಿಷ್ಟೇ ಹುಳಿ. ಅರ್ಧ ಜೀವಮಾನ ಟೊಮೆಟೊ ತಿಂದೂ ಟೊಮೆಟೊ ರುಚಿ ನೋಡಿರಲಿಲ್ಲವಲ್ಲ ಎನ್ನಿಸಿತು.

"ಇವ್ರು ನಿಮ್ಮನ್ನೇ ಕಳ್ಳಿ ಅಂದ್ಕೊಂಡಿದ್ರು ಆಂಟಿ" ಎಂದು ಸುಧಾ ಮಾನ ಕಳೆದಳು.

ಮುನಿಲಕ್ಷ್ಮಮ್ಮ ಬಿದ್ದು ಬಿದ್ದು ನಕ್ಕರು. "ನಾನೂ ಅಂಗೇ ಅಂದ್ಕಂಡೆ ಕಣಮ್ಮ! ಗಿಡದಾಗೇ ಬಿಟ್ರೆ ಮೇಷ್ಟ್ರು ಯಾರ್ಗೂ ಏಳ್ದಂಗೆ ಒಬ್ರೇ ತಿಂದ್ಬಿಡ್ತಾರೆ ಅಂತ."

ಸುಧಾಗೆ ಸಿಟ್ಟೇ ಬಂತು. "ಛೆ, ಇವ್ರು ಅಂಥೋರಲ್ಲ ಆಂಟಿ" ಎಂದು ನನ್ನ ಪರವಾಗಿ ವಾದಿಸಿದಳು. ನಾನು ತಲೆ ತಗ್ಗಿಸಿಕೊಂಡು ಇನ್ನೊಂದು ಬಿಲ್ಲೆ ತೆಗೆದುಕೊಂಡೆ. ತೊಟ್ಟಿಲು ಖಾಲಿ ಕಂಡ ಆ ಸಂಜೆ ತಾರಸಿ ಹತ್ತಿದಾಗ ನನ್ನ ಜೇಬಿನಲ್ಲಿ ಒಂದು ಚಾಕು, ಉಪ್ಪು ಮತ್ತು ಮೆಣಸಿನ ಪುಡಿ ಬೆರೆಸಿದ ಒಂದು ಪೊಟ್ಟಣ ಇದ್ದದ್ದನ್ನು ಇವತ್ತಿನವರೆಗೂ ಅವಳಿಗೆ ಹೇಳಿಲ್ಲ.